ಸಹಾರಾದಿಂದ ಬಂದ ಸಂಗನಬಸಪ್ಪ

ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದ ಸಂಗನಬಸಪ್ಪ ಸಹಾರಾ ಮರುಭೂಮಿಯನ್ನು ಕಂಡವನೇ ಅಲ್ಲ. ಒಂಟೆಯನ್ನು ಕಂಡಿದ್ದೂ ಬಿಜಾಪುರಕ್ಕೆ ಸರ್ಕಸ್ಸು ಬಂದಾಗ. ಆದರೂ ೧೯೮೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅರಬ್ಬೀ ರೆಸ್ಟೋರೆಂಟೊಂದರ ಗಾಜಿನ ಬಾಗಿಲಿಗೆ ಅವನ ಚಿತ್ರ ಅಂಟಿಸಿದ್ದರು. ತಲೆಗೆ ನೀಲಿ ರುಮಾಲು, ಕಣ್ಣಿಗೆ ಕಾಡಿಗೆ, ಕೈಯಲ್ಲಿ ದಫ್ಫು. ಕೆಳಗೆ 'ಸಹಾರಾದ ಮರಳಿನಲ್ಲಿ ಬೆಳೆದ ಹಸನ್' ಎಂಬ ಅಕ್ಷರಗಳು. ಬರೆಸಿದವನು ಮಾಲೀಕ, ಓದಿ ಸುಮ್ಮನಿದ್ದವನು ಇವನು.

ಸುಮ್ಮನಿರುವುದು ಅವನಿಗೆ ಹೊಸದೇನಲ್ಲ. ವಾರವಿಡೀ ಸನಿವೇಲ್‌ನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಬೋರ್ಡುಗಳಿಗೆ ಬೆಸುಗೆ ಹಾಕುವುದು ಅವನ ಕೆಲಸ. ಅಲ್ಲಿನ ಕನ್ನಡದವರು ಅವನನ್ನು ಎಂಜಿನಿಯರು ಎಂದುಕೊಂಡಿದ್ದರು. ತಾನು ಎಂಜಿನಿಯರೆಂದು ಅವನು ಯಾರಿಗೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಅಂಥವನು ಶನಿವಾರ, ಭಾನುವಾರ ಕಾಡಿಗೆ ಬಳಿದುಕೊಂಡು ಊಟದ ಮೇಜುಗಳ ನಡುವೆ ಬಾರಿಸುತ್ತಾನೆ ಎಂದು ಗೊತ್ತಾದರೆ ಮಾನ ಹರಾಜಾಗುತ್ತದೆ ಎಂಬ ದಿಗಿಲು ಅವನಿಗೆ.

ಹಾಗಾದರೆ ಬಿಡಬಹುದಿತ್ತಲ್ಲ ಎನ್ನಬೇಡಿ. ಬಿಡಲು ಆಗುತ್ತಿರಲಿಲ್ಲ. ಒಮ್ಮೆ ಆ ರೆಸ್ಟೋರೆಂಟಿನ ಬೀದಿಯಲ್ಲಿ ಹೋಗುತ್ತಿದ್ದಾಗ ಒಳಗಿನ ಸದ್ದು ಕೇಳಿ ಕಾಲು ತಾನಾಗಿ ನಿಂತು ಒಳಕ್ಕೆ ಹೊರಳಿತ್ತು. ಚಿಕ್ಕಂದಿನಲ್ಲಿ ಮಠದ ಭಜನೆಯಲ್ಲಿ ಅವನು ಬಾರಿಸುತ್ತಿದ್ದ ದಮ್ಮಡಿಗೆ ಈ ದಫ್ಫು ಅಣ್ಣನಂತಿತ್ತು, ಅಷ್ಟೇ ದುಂಡು, ಸ್ವಲ್ಪ ದೊಡ್ಡದು. ಊದ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಮುದುಕ ಯೂಸುಫ್ ಅವನ ಬೆರಳು ಮೇಜಿನ ಮೇಲೆ ಕುಣಿಯುವುದನ್ನು ನೋಡಿ, ಏನೂ ಕೇಳದೆ ದಫ್ಫು ಕೈಗಿತ್ತ.

ಯೂಸುಫ್ ಯೆಮನ್ನಿನವನು. ಅವನ ತಾತ ಒಂಟೆ ಹೊಡೆಯುತ್ತಿದ್ದನಂತೆ. ತಮ್ಮ ಹಾಡು ಅರಮನೆಯಲ್ಲಿ ಹುಟ್ಟಿದ್ದಲ್ಲ ಎಂದು ಯೂಸುಫ್ ಮತ್ತೆ ಮತ್ತೆ ಹೇಳುತ್ತಿದ್ದ. ಹಿಂದೆ ಒಬ್ಬ ಒಂಟೆಯ ಮೇಲಿಂದ ಬಿದ್ದು ಕೈ ಮುರಿದುಕೊಂಡು 'ಅಯ್ಯೋ ನನ್ನ ಕೈ' ಎಂದು ಕೂಗಿದನಂತೆ. ದನಿ ಎಷ್ಟು ಇಂಪಾಗಿತ್ತೆಂದರೆ ಚದುರಿದ್ದ ಒಂಟೆಗಳೆಲ್ಲ ತಿರುಗಿ ಬಂದವಂತೆ. ಅಂದಿನಿಂದ ಒಂಟೆಯವರು ಅದರ ನಡಿಗೆಗೆ ತಕ್ಕಂತೆ ಹಾಡುತ್ತ ಊರಿಂದೂರಿಗೆ ಹೋದರು. ಹೆಜ್ಜೆ ಚುರುಕಾಗಬೇಕಾದರೆ ಹಾಡೂ ಚುರುಕು. ಲಾರಿಗಳು ಬಂದ ಮೇಲೆ ಒಂಟೆಗಳು ಹೋದವು, ಹಾಡುಗಳು ಮದುವೆ ಮನೆ ಸೇರಿಕೊಂಡವು.

ಸಂಗನಬಸಪ್ಪನ ಕೈಗೆ ಒಂದು ಚಟವಿತ್ತು. ಸಾಲು ಮುಗಿಯುವಾಗ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ದಫ್ಫಿನ ಚರ್ಮದ ಮೇಲೆ ಒತ್ತಿ ಎಳೆದು, ಗುಂಯ್ ಎನ್ನಿಸುವುದು. ಅದು ಮರುಭೂಮಿಯದಲ್ಲ, ಅವನ ಊರಿನ ಭಜನೆಯದು. ಯೂಸುಫ್ ಕೇಳಿದಾಗ ಹಾಗೆಂದೇ ಹೇಳಿ, ಬಿಟ್ಟುಬಿಡಲೇ ಎಂದ.

"ಬಿಡಬೇಡ," ಎಂದ ಮುದುಕ. "ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕಟ್ಟಿಕೊಂಡೇ ನಮ್ಮ ಹಾಡೂ ಬಂದಿದ್ದು."

ಅಕ್ಟೋಬರಿನ ಒಂದು ಭಾನುವಾರ ಸಂಜೆ ಯೂನಿಯನ್ ಸಿಟಿಯ ಸಿದ್ರಾಮಪ್ಪ ಸಂಸಾರ ಸಮೇತ ಅಲ್ಲಿಗೇ ಬರಬೇಕೆ! ಮಾಂಸ ಮುಟ್ಟದವರಿಗೂ ಕಡಲೆ ವಡೆ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಈತ ನಿಜವಾದ ಎಂಜಿನಿಯರು, ಕನ್ನಡದವರ ಎಲ್ಲ ಸಭೆಗೂ ಮುಂದಾಳು. ಜೊತೆಯಲ್ಲಿ ಬೆಂಗಳೂರಿನ ಹೆಂಡತಿ ಇಂದು, ಮಕ್ಕಳು, ಬೇಸಿಗೆಯಲ್ಲಿ ಊರಿಂದ ಬಂದಿದ್ದ ತಾಯಿ ಕಮಲವ್ವ. ಸಂಗನಬಸಪ್ಪ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡು ಗೋಡೆಯತ್ತ ತಿರುಗಿ ಬಾರಿಸಿದ.

ಮುಖ ಮುಚ್ಚಿದ, ಕೈ ಮುಚ್ಚಲಾಗಲಿಲ್ಲ. ಹಾಡಿನ ಸಾಲು ಮುಗಿದಾಗ ಹೆಬ್ಬೆರಳು ತಾನಾಗಿ ಎಳೆದು ಗುಂಯ್ ಎಂದಿತು. ಕಮಲವ್ವ ತಟ್ಟೆ ಸರಿಸಿ ಎದ್ದರು. ತಿಂಗಳುಗಟ್ಟಲೆ ಮೊಮ್ಮಕ್ಕಳ ಇಂಗ್ಲಿಷು ಕೇಳಿ ಬೇಸತ್ತ ಜೀವ. ಹಾಡು ನಿಂತದ್ದೇ ನೆಟ್ಟಗೆ ಅವನ ಬಳಿ ಬಂದರು.

"ಯಾವೂರಪಾ ತಮ್ಮಾ ನಿಂದು? ದಮ್ಮಡಿ ಕೈ ಐತಿ ಇದು. ನಮ್ಮ ಕಡಿ ಕೈ."

ಅವರ ಮುಖದಲ್ಲಿ ತವರಿನವರನ್ನು ಕಂಡ ಹಿಗ್ಗಿತ್ತು. ಅವರ ಹೆಗಲಾಚೆ ಸಿದ್ರಾಮಪ್ಪ ಇತ್ತಲೇ ನೋಡುತ್ತಿದ್ದ. ಆಮೇಲೆ ಸಂಗನಬಸಪ್ಪ ಮಾಡಿದ್ದನ್ನು ಹೇಳಲು ನನಗೇ ನಾಚಿಕೆ. ಬರುವ ಇಂಗ್ಲಿಷನ್ನೂ ಬೇಕೆಂದೇ ಮುರಿದು, "ಸಾರಿ ಮದಾಮ್. ನೋ ಅಂಡರ್‌ಸ್ಟ್ಯಾಂಡ್," ಎಂದ.

ಕಮಲವ್ವ ಸೆರಗು ಸರಿಪಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ತಪ್ಪಾತ್ರಿ. ನಮ್ಮವರ ಅಂತ ತಿಳದಿದ್ನಿ."

ತಪ್ಪು ಮಾಡಿದವನು ಇವನು, ತಲೆ ತಗ್ಗಿಸಿ ಹೋದವರು ಅವರು. ಮುಂದಿನ ಹಾಡಿನಲ್ಲಿ ಗುಂಯ್ ಬರಲಿಲ್ಲ. ಆಕೆ ಕೇಳಿದ್ದೇನೆಂದು ಯೂಸುಫ್ ವಿಚಾರಿಸಿದ.

"ಯಾವ ಊರು ಅಂತ."

"ನೀನೇನು ಹೇಳಿದೆ?"

ಸಂಗನಬಸಪ್ಪ ರುಮಾಲನ್ನು ಇನ್ನಷ್ಟು ಕೆಳಗೆಳೆದುಕೊಂಡ. ಮುದುಕ ಮತ್ತೆ ಕೇಳದೆ ಊದ್‌ನ ತಂತಿ ಬಿಗಿಮಾಡುತ್ತ ಕೂತ.

ಮಾರನೆಯ ವಾರದಿಂದ ಅವನು ರೆಸ್ಟೋರೆಂಟಿಗೆ ಹೋಗಲಿಲ್ಲ. ಅದರಿಂದ ಆದ ಲಾಭವೇನೂ ಇಲ್ಲ. ಬೆಸುಗೆ ಹಾಕುವಾಗ, ಫ್ರೀವೇಯಲ್ಲಿ ಕಾರು ಓಡಿಸುವಾಗ, ಆ 'ತಪ್ಪಾತ್ರಿ' ಕಿವಿಯಲ್ಲಿ ಕೂತೇ ಇತ್ತು. ಕೈ ಮುರಿದವನು ತನ್ನ ಮಾತಿನಲ್ಲೇ ಕೂಗಿದ್ದಕ್ಕೆ ಒಂಟೆಗಳು ಬಂದವು. ತಾನು, ಕರೆಯದೆಯೂ ಬಂದ ತಾಯಿಯಂಥವಳನ್ನು ಓಡಿಸಿದೆ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ದೀಪಾವಳಿಗೆ ಯೂನಿಯನ್ ಸಿಟಿಯ ಒಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರುವುದಿತ್ತು. ಕಮಲವ್ವನ ಕಾಲು ಹಿಡಿದು, ನಾನೇ ಅವನು ಎಂದು ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿ ಸಂಗನಬಸಪ್ಪ ಹೊರಟ. ದಾರಿಯುದ್ದಕ್ಕೂ ಕಾರಿನಲ್ಲಿ ಆ ಮಾತನ್ನು ಜೋರಾಗಿ ಹೇಳಿಕೊಂಡ.

ಬಾಗಿಲಲ್ಲೇ ಸಿದ್ರಾಮಪ್ಪ ಹಿಡಿದುಕೊಂಡ. "ಅವ್ವಾ, ಇವರು ಸಂಗನಬಸಪ್ಪ ಅಂತ. ನಮ್ಮ ಕಡಿಯವರಽ. ಎಂಜಿನಿಯರ್ ಅದಾರ."

ಕಮಲವ್ವ ಅವನ ಮುಖ ನೋಡಿದರು. ಆಮೇಲೆ ಅವನ ಬಲಗೈ ಹಿಡಿದುಕೊಂಡು, ಈ ಜನ್ಮದಲ್ಲಿ ಮೊದಲ ಸಲ ಕೇಳುವವರಂತೆ ಕೇಳಿದರು.

"ಯಾವೂರಪಾ ತಮ್ಮಾ ನಿಂದು?"

"ಇಂಡಿ ಕಡಿರೀ ಯವ್ವಾ," ಎಂದ ಸಂಗನಬಸಪ್ಪ.

ಪಕ್ಕದಲ್ಲಿದ್ದ ಇಂದು ಥಟ್ಟನೆ ನಕ್ಕಳು. "ಅತ್ತೆ, ಆ ರೆಸ್ಟೋರೆಂಟಲ್ಲಿ ಡ್ರಮ್ಮು ಬಾರಿಸ್ತಿದ್ನಲ್ಲ, ಇವ್ರು ಸೇಮ್ ಅವನ ಥರಾನೇ ಇದ್ದಾರೆ, ನೋಡಿ!"

ಸುತ್ತಲಿದ್ದವರು ತಿರುಗಿ ನೋಡಿದರು. ಹೇಳಬೇಕಾದ ಗಳಿಗೆ ಅದೇ. ಸಂಗನಬಸಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಮಲವ್ವನ ಬೆರಳು ಅವನ ಹೆಬ್ಬೆರಳಿನ ಗಟ್ಟಿಗಟ್ಟಿದ ಚರ್ಮವನ್ನು ಮೆಲ್ಲಗೆ ಸವರಿತು.

"ಏ, ಅಂವ ಬ್ಯಾರೆ ಬಿಡವಾ," ಎಂದರು. "ಅಂವಗ, ಪಾಪ, ನಮ್ಮ ಮಾತ ಬರ್ತಿದ್ದಿಲ್ಲ."

"ಹೌದ್ರೀ ಯವ್ವಾ," ಎಂದ ಸಂಗನಬಸಪ್ಪ.