ಸುಣ್ಣದ ಮೂರು ಗೆರೆ

ಸರಕು ನೋಡುವ ಕಣ್ಣಿಂದ ನೋಡಿದರೆ ಅಡವಿಯಪ್ಪ ಎರಡನೇ ದರ್ಜೆಯ ಮಾಲು. ಗಿಡ್ಡ ಆಳು, ಒದ್ದೆ ಗೋಣಿ ಹೊದಿಸಿ ತೂಗಿದರೂ ಐವತ್ತು ಕಿಲೋ ದಾಟದ ಮೈ, ಬಲಗೈಯ ಕಿರುಬೆರಳು ಸೊಟ್ಟ, ಮುಂದಿನ ಎರಡು ಹಲ್ಲು ನಾಪತ್ತೆ. ವಯಸ್ಸು ಕೇಳಿದರೆ ಐವತ್ತು ಎನ್ನುತ್ತಿದ್ದ. ಐದು ವರ್ಷದ ಹಿಂದೆ ಕೇಳಿದಾಗಲೂ ಅಷ್ಟೇ ಹೇಳಿದ್ದ. ಆದರೆ ಚೀಲದ ಬಾಯಿ ನೋಡಿ ಬೆಲೆ ಕಟ್ಟಬಾರದು, ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಬೇಕು. ಹುಣಸೆ ಮರದ ಬುಡದಲ್ಲಿ ಲುಂಗಿ ಎತ್ತಿ ಕಟ್ಟಿ ನಿಂತನೆಂದರೆ, ನೀವು ಬೀಡಿ ಹೊತ್ತಿಸುವುದರೊಳಗೆ ಅವನು ನೆತ್ತಿಯಲ್ಲಿರುತ್ತಿದ್ದ. ಗುಬ್ಬಿಯಿಂದ ನಿಟ್ಟೂರಿನ ತನಕ, ಆಚೆ ಕುಣಿಗಲ್ಲಿನಿಂದ ಯಡಿಯೂರಿನ ತನಕ ರಸ್ತೆಬದಿಯ ಹುಣಸೆ ಬಡಿಯಲು ಅವನಿಗಿಂತ ಒಳ್ಳೆಯ ಆಳು ತುಮಕೂರಿನ ಯಾವ ಮಂಡಿಯವನಿಗೂ ಸಿಕ್ಕಿರಲಿಲ್ಲ.

ಇಷ್ಟಾದರೂ ವ್ಯವಹಾರದಲ್ಲಿ ಅವನು ಶುದ್ಧ ಪೆದ್ದ. ಅದು ಗೊತ್ತಾಗುತ್ತಿದ್ದದ್ದು ಪಾಲಿನ ಕೊಂಬೆ ಆರಿಸುವಾಗ.

ನಮ್ಮ ಕಡೆ ಗುಂಪಾಗಿ ಹುಣಸೆ ಬಡಿಯುವ ಆಳಿಗೆ ಕೂಲಿಯ ಜೊತೆಗೆ ಮರಕ್ಕೊಂದು ಕೊಂಬೆ ಬಿಡುವ ಪದ್ಧತಿ ಇದೆ. ಮರ ಹತ್ತಿದವನು ತನ್ನ ಕೊಂಬೆ ಯಾವುದೆಂದು ತಾನೇ ಆರಿಸಿ, ಎಲೆಅಡಿಕೆಯ ಸುಣ್ಣದಲ್ಲಿ ಕೊಂಬೆಯ ಬುಡಕ್ಕೆ ಮೂರು ಗೆರೆ ಎಳೆಯುತ್ತಾನೆ. ಗೆರೆ ಬಿದ್ದ ಕೊಂಬೆಗೆ ಇನ್ನೊಬ್ಬನ ಬಡಿಯುವ ಗಳ ತಾಕುವುದಿಲ್ಲ. ಹಿಂದಿನ ದಿನ ಕುಡಿದು ಹೊಡೆದಾಡಿಕೊಂಡವರೂ ತಾಕಿಸುವುದಿಲ್ಲ. ಉಳಿದವರು ಕಾಯಿ ಜೋತುಬಿದ್ದ ಕೊಂಬೆ ಹುಡುಕಿ ಗೆರೆ ಎಳೆದರೆ, ಅಡವಿಯಪ್ಪ ಹತ್ತು ಕಾಯಿಯೂ ಇಲ್ಲದ ಮುದಿಕೊಂಬೆಗೆ ಎಳೆಯುತ್ತಿದ್ದ. ಕಾರಣ, ಆ ಕೊಂಬೆಯಲ್ಲಿ ಹೂವಿನ ಗಿಡ ಇರುತ್ತಿತ್ತು.

ಪೇಟೆಯವರು ಅದನ್ನು ಆರ್ಕಿಡ್ ಎನ್ನುತ್ತಾರೆ, ಮಲೆನಾಡಿನವರು ಸೀತಾಳೆ ಎನ್ನುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಅದಕ್ಕೆ ಹೆಸರಿಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಪಟ್ಟಿಯಂಥ ದಪ್ಪ ಎಲೆ, ತೊಗಟೆಗೆ ಹಗ್ಗದ ಹಾಗೆ ಅಂಟಿಕೊಂಡ ಬಿಳಿ ಬೇರು. ವರ್ಷವೆಲ್ಲ ಸತ್ತ ಹಾಗೆ ಇದ್ದು, ಯುಗಾದಿಯ ಆಸುಪಾಸು ಒಂದು ಕಡ್ಡಿ ಚಾಚಿ ಏಳೆಂಟು ಹೂ ಬಿಡುತ್ತದೆ. ಹಳದಿ ಎಸಳಿನ ಮೇಲೆ ಕಂದು ಚೌಕುಳಿ, ನಡುವೆ ಬಟ್ಟೆಗೆ ಹಾಕುವ ನೀಲಿಯಂಥ ಒಂದು ತುಟಿ. ಬಿಸಿಲು ಏರಿದಂತೆ ಪರಿಮಳ.

ಬೇರೆ ಆಳುಗಳು ಅದನ್ನು ಬಂದಳಿಕೆ ಎಂದುಕೊಂಡು ಗಳದಲ್ಲಿ ಒಂದು ಏಟು ಹಾಕಿ ಕೆಡವುತ್ತಿದ್ದರು. ಜೊತೆಯವನಾದ ಝುಬೇರ್ ಹಾಗೆ ಕೆಡವಿದ ದಿನ ಅಡವಿಯಪ್ಪ ಮರದ ಮೇಲಿಂದಲೇ ಜಗಳ ತೆಗೆದಿದ್ದ.

"ಯಾಕ್ಲಾ ಹೊಡ್ದೆ ಅದ್ನ? ನಿನ್ ತಲೆ ಮ್ಯಾಲ್ ಕುಂತಿತ್ತಾ?"

"ಬಂದಳಿಕೆ ಅಲ್ವೇನಣ್ಣ? ಮರದ್ ರಸ ಎಲ್ಲ ಹೀರ್ಬುಡ್ತದೆ."

"ಇದು ಹೀರಾಕಿಲ್ಲ ಕಣೋ. ಮರದ್ ಮ್ಯಾಲ್ ಜಾಗ ಇಸ್ಕಂಡದೆ ಅಷ್ಟೇ. ಗಾಳಿ ಕುಡ್ಕಂಡ್ ಬದುಕ್ತದೆ, ನಿನ್ನಂಗೆ ಭಾವನ ಮನೇಲ್ ಕುಂತು ಉಣ್ಣಾಕಿಲ್ಲ."

ಆಗ ಝುಬೇರ್ ನಿಜವಾಗಿಯೂ ನಿಟ್ಟೂರಿನಲ್ಲಿ ಅಕ್ಕನ ಮನೆಯಲ್ಲಿದ್ದ. ಕೆಳಗೆ ಹಣ್ಣು ಆಯುತ್ತಿದ್ದ ಹೆಂಗಸರು ನಕ್ಕ ನಗೆಗೆ ಅವನು ಮೂರು ದಿನ ಅಡವಿಯಪ್ಪನ ಜೊತೆ ಮಾತು ಬಿಟ್ಟ. ನಾಲ್ಕನೆಯ ದಿನ ಅವನೇ ಬಂದು, "ಅಣ್ಣ, ಆ ಮರದಾಗೊಂದು ಐತೆ ನೋಡು" ಎಂದು ತೋರಿಸಿದ.

ಸುಗ್ಗಿ ಮುಗಿದ ಮೇಲೆ ಅಡವಿಯಪ್ಪ ಎರಡು ದಿನ ಕೆಲಸಕ್ಕೆ ಸಿಗುತ್ತಿರಲಿಲ್ಲ. ಒಂದು ದಿನ ದೇವರಾಯನದುರ್ಗಕ್ಕೆ ಹೋಗುತ್ತಿದ್ದ. ಎಲ್ಲರೂ ಬೆಟ್ಟ ಹತ್ತಿ ದೇವರ ದರ್ಶನ ಮಾಡಿದರೆ, ಇವನು ಅರ್ಧದಲ್ಲೇ ಬಂಡೆಗಳ ಕಡೆ ಇಳಿದು, ಎಲೆ ಉದುರಿದ ಬೋಳುಮರಗಳ ತುದಿಯಲ್ಲಿ ಆ ಮರಗಳೇ ಬಿಟ್ಟ ಹಳದಿ ಹೂ ನೋಡುತ್ತ ಬುತ್ತಿ ಬಿಚ್ಚುತ್ತಿದ್ದ. ಇನ್ನೊಂದು ದಿನ ಗುಬ್ಬಿ ರಸ್ತೆಯ ಮರಗಳಿಗೆ ಮೀಸಲು. ಗಳವಿಲ್ಲದೆ ಬರಿಗೈಯಲ್ಲಿ ಮರ ಹತ್ತಿ, ಹೂವಿನ ಪಕ್ಕದ ಕವಲಿನಲ್ಲಿ ಕೂತು, ಸೊಟ್ಟ ಬೆರಳಿನಿಂದ ಎಸಳಿನ ಮೇಲಿನ ಇರುವೆ ಓಡಿಸುತ್ತಿದ್ದ. ಕೀಳುತ್ತಿರಲಿಲ್ಲ. ಹೆಂಡತಿ ಶಿವರುದ್ರಮ್ಮ, "ಒಂದ್ ತಂದ್ರೆ ಏನಾಗ್ತಿತ್ತು? ಮುಡ್ಕಂತಿದ್ದೆ" ಎಂದರೆ, "ಮುಡ್ದ್ರೆ ಸಂಜೀಗ್ ಬಾಡ್ತದೆ. ಅಲ್ಲೇ ಬುಟ್ರೆ ತಿಂಗ್ಳಿರ್ತದೆ. ಬಾ, ಒಂದ್ಸಲ ನಿಂಗೂ ತೋರುಸ್ತೀನಿ" ಎನ್ನುತ್ತಿದ್ದ. ಇಪ್ಪತ್ತು ವರ್ಷ ಹೀಗೇ ಹೇಳಿದ. ಆಕೆಗೂ ಬಿಡುವಾಗಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ವಾರ, ನಿಟ್ಟೂರಿನ ಹತ್ತಿರದ ಐದು ಮರಗಳಲ್ಲಿ ಹೂವಿನ ಗಿಡಗಳು ಮಾಯವಾದವು. ಆ ಮರಗಳನ್ನು ಅವನ ಗುಂಪು ಇನ್ನೂ ಬಡಿದಿರಲಿಲ್ಲ, ಗೆರೆಯೂ ಬಿದ್ದಿರಲಿಲ್ಲ. ಅಡವಿಯಪ್ಪನ ತಲೆಯಲ್ಲಿ ಎರಡು ಅನುಮಾನ ಹುಟ್ಟಿದವು. ಯಾವುದೋ ಹೊಸ ಗುಂಪು ಹಣ್ಣು ಬಡಿಯಲು ಬಂದು, ಬಂದಳಿಕೆ ಎಂದುಕೊಂಡು ಗಿಡವನ್ನೂ ಕೆಡವಿರಬಹುದು. ಇಲ್ಲವೇ ಯಾರೋ ಬೇರಿಗಾಗಿಯೇ ಕೀಳುತ್ತಿರಬಹುದು. ಅದರ ಬೇರು ಮೊಣಕಾಲು ನೋವಿನ ಎಣ್ಣೆಗೆ ಆಗುತ್ತದೆಂದು ಅವನೂ ಕೇಳಿದ್ದ. ಮೊದಲನೆಯದಕ್ಕೆ ಅವನ ಹತ್ತಿರ ಮದ್ದಿತ್ತು: ಸುಣ್ಣ. ಎರಡನೆಯದಾದರೆ ಏನು ಮಾಡುವುದೋ ತಿಳಿಯದೆ, ಬಸ್ಸು ಹತ್ತಿ ತುಮಕೂರಿನಲ್ಲಿ ನಾನು ನಡೆಸುವ ಹುಣಸೆ ಮಂಡಿಗೆ ಬಂದ.

"ಸಾವ್ಕಾರ್ರೇ, ಒಂದ್ ಮಾತು ಕೇಳ್ತೀನಿ. ನಮ್ ಹುಣಸೆ ಮರದ್ ಮ್ಯಾಲಿನ್ ಬೇರು, ಅದೇ ಬಿಳೀದು, ಯಾರಾರಾ ಮಂಡೀಗ್ ತಂದವ್ರಾ?"

"ಬೇರಾ? ಅದ್ಯಾರ್ ತರ್ತಾರಯ್ಯ? ಇಲ್ಲಪ್ಪ."

"ನಿಜ್ವಾಗ್ಲೂ?"

"ನಿನ್ ಹತ್ರ ಸುಳ್ಳು ಹೇಳಿ ನಾನೇನ್ ಬಂಗ್ಲೆ ಕಟ್ಟಿಸ್ಬೇಕಾ? ಕೂತ್ಕೊ, ಟೀ ಕುಡಿ."

ಅವನು ಟೀ ಕುಡಿದ. ಅವನು ಕೂತಿದ್ದ ಬೆಂಚಿನಿಂದ ಹತ್ತು ಮಾರು ದೂರದಲ್ಲಿ, ಟಾರ್ಪಾಲಿನ ಕೆಳಗೆ, ಅದೇ ಬೇರಿನ ಮೂರು ಚೀಲಗಳಿದ್ದವು. ತಂದಿಟ್ಟವನು ಉದಯಕುಮಾರ್ ಎಂಬ ಗಿಡಮೂಲಿಕೆ ವ್ಯಾಪಾರಿ. ಗಿರಾಕಿಯ ಸರಕಿನ ಸುದ್ದಿ ಇನ್ನೊಬ್ಬನಿಗೆ ಹೇಳಬಾರದು ಎನ್ನುವುದು ಮಂಡಿಯ ಮೊದಲ ಪಾಠ. ಆ ಪಾಠ ನನಗೆ ಚೆನ್ನಾಗಿ ಬಾಯಿಪಾಠವಾಗಿತ್ತು.

ಅಡವಿಯಪ್ಪ ಹಗುರಾಗಿ ಊರಿಗೆ ಹೋದ. ಬೇರಿನವರಲ್ಲ, ಹಾಗಾದರೆ ಗಳದವರೇ. ಗಳದವರಾದರೆ ಗೆರೆಗೆ ಮರ್ಯಾದೆ ಕೊಟ್ಟೇ ಕೊಡುತ್ತಾರೆ. ಝುಬೇರನನ್ನೂ ಗುಂಪಿನ ಇನ್ನಿಬ್ಬರನ್ನೂ ಕೂರಿಸಿಕೊಂಡು, ಹೂವಿರುವ ಕೊಂಬೆಗಳೆಲ್ಲ ಈ ಸಲ ತನ್ನ ಪಾಲಿಗೆ ಬಿಡಬೇಕೆಂದು ಕೇಳಿದ.

"ಎಲ್ಲಾ ನೀನೇ ತಕಂಡ್ರೆ ನಮ್ಗೇನಣ್ಣ, ಎಲೆನಾ?" ಎಂದ ಝುಬೇರ್.

"ಅದ್ರಾಗ್ ಸಿಕ್ಕೋ ಹಣ್ಣು ಪೂರಾ ನಿಮ್ದೇ. ಕೈಯಾಗೇ ಬುಡ್ಸಿ ಕೊಡ್ತೀನಿ. ಕೊಂಬೆ ಮಾತ್ರ ನಂದು."

"ಹುಚ್ಚು ನಿಂಗೆ ಕಣಣ್ಣ."

"ಐತೆ ಬುಡು. ನಿಂಗೇನ್ ಅಂಟಾಕಿಲ್ಲ."

ಮೂರು ಡಬ್ಬಿ ಸುಣ್ಣ ಖರ್ಚಾಯಿತು. ಒಂದು ವಾರ ಮರದಿಂದ ಮರಕ್ಕೆ ಹತ್ತಿ ಇಳಿದು, ಮೂವತ್ತೆಂಟು ಮರಗಳಲ್ಲಿ ಹೂವಿನ ಗಿಡವಿದ್ದ ಒಂದೊಂದು ಕೊಂಬೆಗೂ ಗೆರೆ ಎಳೆದ. ಕೆಳಗೆ ನಿಂತವರಿಗೂ ಕಾಣಲಿ ಎಂದು ಈ ಸಲ ಬೆರಳಿನ ಬದಲು ಅಂಗೈ ಅಗಲಕ್ಕೆ ಬಳಿದ. ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವನಿಗೂ ಹೊಳೆಯುತ್ತಿತ್ತು.

ಎರಡು ವಾರ ಬಿಟ್ಟು, ಅಡವಿಯಪ್ಪನ ಗುಂಪು ಕುಣಿಗಲ್ ಕಡೆಯ ಮರಗಳಲ್ಲಿದ್ದಾಗ, ಉದಯಕುಮಾರ್ ಟೆಂಪೋದಲ್ಲಿ ಹದಿನಾಲ್ಕು ಚೀಲ ತಂದಿಳಿಸಿದ. ತುಂಬ ಖುಷಿಯಲ್ಲಿದ್ದ.

"ಮುಂಚೆ ಮರ ಮರಾನೂ ಕತ್ತೆತ್ತಿ ಹುಡುಕ್ಬೇಕಿತ್ತು ಸಾರ್. ಈಗ ಯಾರೋ ಪುಣ್ಯಾತ್ಮ ಸುಣ್ಣ ಬಳ್ದವ್ನೆ. ಗೆರೆ ಇದ್ಕಡೆ ಏಣಿ ಹಾಕೋದು, ಕೀಳೋದು. ಮೂರೇ ದಿನ."

ಮರಗಳ ಸಾಲಿನಲ್ಲಿ ಇನ್ನೂ ಏನಾದರೂ ಉಳಿದಿದೆಯೇ ಎಂದು ಕೇಳಿದೆ. "ಯಾವ್ದೂ ಬಿಟ್ಟಿಲ್ಲ ಸಾರ್" ಎಂದ. ಚೀಲಗಳನ್ನು ತೂಕಕ್ಕೆ ಇಡಿಸಿದೆ. ಒಂದೆರಡು ಬೇರಿಗೆ ತೊಗಟೆಯ ಚೂರು ಅಂಟಿತ್ತು, ತೊಗಟೆಯ ಮೇಲೆ ಬಿಳಿ. ಮೊಗ್ಗಿನ ಕಡ್ಡಿಗಳನ್ನು ಅವನು ಮುರಿದು ಬಿಸಾಡಿ ಬಂದಿದ್ದ. ಅದಕ್ಕೆ ಗಿರಾಕಿ ಇಲ್ಲ.

ಯುಗಾದಿಯ ಮಾರನೆಯ ದಿನ ಅಡವಿಯಪ್ಪ ಹೆಂಡತಿಗೆ ಹಬ್ಬದ ಸೀರೆ ಉಡಿಸಿ ಹೊರಡಿಸಿದ. ಒಬ್ಬಟ್ಟಿನ ಡಬ್ಬಿ ಆಕೆಯ ಕೈಯಲ್ಲಿ. ಮುಂದೆ ನಡೆದದ್ದನ್ನು ನನಗೆ ಹೇಳಿದವಳು ಆಕೆಯೇ. ಮೊದಲನೆಯ ಮರದ ಕೆಳಗೆ ನಿಂತು, "ಅಗೋ" ಎಂದು ಕೈ ಎತ್ತಿದನಂತೆ. ಕೈ ಎತ್ತಿದ ಹಾಗೇ ನಿಂತನಂತೆ. ಗೆರೆ ಇತ್ತು, ಗೆರೆಯ ಮೇಲೆ ತೊಗಟೆ ಸುಲಿದ ಗಾಯ ಇತ್ತು. ಎರಡನೆಯದರಲ್ಲೂ ಹಾಗೇ. ಶಿವರುದ್ರಮ್ಮ ಐದನೆಯ ಮರಕ್ಕೇ, "ಸಾಕ್ ನಡೀರಿ, ಮನೀಗ್ ಹೋಗನ" ಎಂದಳು. ಅವನು ಕೇಳಲಿಲ್ಲ. ಉರಿಬಿಸಿಲಿನಲ್ಲಿ ಮೂವತ್ತೆಂಟು ಮರದ ಕೆಳಗೂ ನಿಂತು ನೋಡಿದ. ಕೊನೆಯ ಮರದ ಬುಡದಲ್ಲಿ ಬಿದ್ದಿದ್ದ ಒಂದು ಒಣಗಿದ ಮೊಗ್ಗಿನ ಕಡ್ಡಿಯನ್ನು ಎತ್ತಿ ಆಕೆಯ ಕೈಗೆ ಕೊಟ್ಟು, "ಇದೇ ಕಣೇ ಅದು" ಎಂದ. ಡಬ್ಬಿಯನ್ನು ಯಾರೂ ತೆರೆಯಲಿಲ್ಲ.

ಆಮೇಲೆ ಮರ ಹತ್ತಿ ಗೆರೆಗಳನ್ನು ಕುಡುಗೋಲಿನಲ್ಲಿ ಕೆರೆಯಲು ಹೋದ. ಯಾರಿಗಾಗಿ ಕೆರೆಯುತ್ತೀಯ ಎಂದು ಝುಬೇರ್ ಕೇಳಿದರೂ ಕೆರೆಯುತ್ತಲೇ ಹೋದ. ಎಂಟನೆಯ ಮರದಲ್ಲಿ ಕಾಲು ಜಾರಿತು. ನೆತ್ತಿಯಲ್ಲೂ ಜಾರದ ಕಾಲು ಅದು. ಸೊಂಟದ ಮೂಳೆ ಮುರಿಯಿತು.

ಈ ವರ್ಷದ ಸುಗ್ಗಿಯಲ್ಲಿ ಅವನ ಜಾಗದಲ್ಲಿ ಝುಬೇರ್ ಮರ ಹತ್ತಿದ. ಶಿವರುದ್ರಮ್ಮ ಕೆಳಗೆ ಹಣ್ಣು ಆಯುತ್ತಾಳೆ. ಅಡವಿಯಪ್ಪ ನಿಟ್ಟೂರಿನ ಮನೆಯ ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಹುಣಸೆಬೀಜ ಬಿಡಿಸುತ್ತ ಕೂತಿರುತ್ತಾನೆ. ಕಳೆದ ತಿಂಗಳು ನೋಡಲು ಹೋಗಿದ್ದೆ.

"ತಪ್ಪು ನಂದೇ ಬುಡಿ ಸಾವ್ಕಾರ್ರೇ," ಎಂದ ಕೈಯ ಕೆಲಸ ನಿಲ್ಲಿಸದೆ. "ಗೆರೆ ಎಳ್ದು ಕಳ್ಳುಂಗೆ ದಾರಿ ತೋರ್ಸ್ದೋನು ನಾನೇಯ. ಬೇರಿಗ್ ಬರ್ತಾರೆ ಅಂತ ಗೊತ್ತಿದ್ರೆ ಸುಣ್ಣ ಮುಟ್ತಿರ್ನಿಲ್ಲ. ನೀವ್ ಇಲ್ಲ ಅಂದ್ರಿ, ಪಾಪ ನಿಮ್ಗೂ ಗೊತ್ತಿರ್ನಿಲ್ಲ."

ಶಿವರುದ್ರಮ್ಮ ಟೀ ತಂದಳು. ಕುಡಿದೆ. ಸೊಂಟ ಹೇಗಿದೆ ಎಂದು ಕೇಳಿದೆ, ಒಳ್ಳೆಯ ಡಾಕ್ಟರರ ಹೆಸರು ಹೇಳಿದೆ, ಎದ್ದು ಬಂದೆ.

ಅವನಿಗೆ ಓದು ಬರುವುದಿಲ್ಲ, ಹಾಗಾಗಿ ಇಲ್ಲಿ ಬರೆದರೆ ಅವನಿಗೆ ಹೇಳಿದ ಹಾಗಾಗುವುದಿಲ್ಲ. ಅವನು ಕೇಳಿದ ದಿನ ಮೂರು ಚೀಲ ಬೇರು ನನ್ನ ಮಂಡಿಯಲ್ಲಿತ್ತು, ಗೊತ್ತಿದ್ದೂ ಇಲ್ಲವೆಂದೆ. ಈ ಮಾತನ್ನು ನಾನು ಅಡವಿಯಪ್ಪನಿಗೆ ಎದುರು ಕೂತು ಹೇಳಬೇಕು. ಇನ್ನೂ ಹೇಳಿಲ್ಲ.