ಶೆಟ್ಟರ ಹೋಟೆಲಿನ ಸ್ಯಾಂಪಲ್

ಮುಚ್ಚಳ ತೆಗೆದ ಡಾಕ್ಟರು ಡಬ್ಬಿಯನ್ನು ಮೂಸಿ ನೋಡಿದರು. ಬೆಳ್ಳುಳ್ಳಿ, ಗರಂ ಮಸಾಲೆಯ ಘಮ!

"ಇದೇನ್ರಿ ಇದು?"

"ಸ್ಯಾಂಪಲ್, ಸಾಹೇಬ್," ಎಂದ ಗಲ್ಲಾದಲ್ಲಿ ಕೂತಿದ್ದ ತುಕಾರಾಮ.

ತಪ್ಪು ಅವನದಲ್ಲ. ವಡೆ, ಮಿಸಳಿನ ಜೊತೆ ಕೊಡುವ ಕೆಂಪು ಖಾರದ ರಸಕ್ಕೆ ಪುಣೆಯಲ್ಲಿ ಸ್ಯಾಂಪಲ್ ಅಂತಲೇ ಹೆಸರು. ಡಾಕ್ಟರು ಬೆಳಿಗ್ಗೆ ಹೋಟೆಲಿಗೆ ಫೋನ್ ಮಾಡಿ, "ಸ್ಯಾಂಪಲ್ ತಯಾರ್ ಠೇವಾ, ಡಬಾ ನೀಟ್ ಬಂದ್ ಕರಾ" ಎಂದು, ಸ್ಯಾಂಪಲ್ ಸಿದ್ಧವಾಗಿಟ್ಟು ಡಬ್ಬಿ ಸರಿಯಾಗಿ ಮುಚ್ಚಿಡಿ ಅಂತ ಮರಾಠಿಯಲ್ಲಿ ಹೇಳಿದ್ದರು. ಹೋಟೆಲಿನವನು ಇನ್ನೇನು ತಿಳಿದಾನು? (ಜೊತೆಗೆ ಎರಡು ಪಾವ್ ಬೇರೆ ಕಟ್ಟಿಟ್ಟಿದ್ದ!)

ಡಾಕ್ಟರಿಗೆ ಬೇಕಾಗಿದ್ದು ಮಾಲೀಕ ಶೆಟ್ಟರ ಮಗಳು ಅಶ್ವಿನಿಯ ಮಲ.

ಸ್ವಾರಗೇಟಿನ ಈ ಹೋಟೆಲಿನ ಮೇಲೆಯೇ ಶೆಟ್ಟರ ಮನೆ. ಐದು ವರ್ಷದ ಹುಡುಗಿಗೆ ಜ್ವರ ಬಂದು, ಆಮೇಲೆ ಎಡಗಾಲು ಜೋತುಬಿದ್ದಿತ್ತು. ಮಕ್ಕಳಲ್ಲಿ ಹೀಗಾದರೆ ಪೋಲಿಯೋ ಇದೆಯೇ ಎಂದು ನೋಡಲು ಮಲವನ್ನು ಎರಡು ಸಲ ಲ್ಯಾಬಿಗೆ ಕಳಿಸಲೇಬೇಕಂತೆ. ವೈರಸ್ ಪ್ರತಿದಿನವೂ ಸಿಗುವುದಿಲ್ಲ, ದಿನ ಕಳೆದರೆ ಸಿಗುವುದೇ ಕಷ್ಟ. ಮೊದಲನೆಯದು ಹೋಗಿತ್ತು. ಎರಡನೆಯದು? ಅಶ್ವಿನಿ ಬೆಳಿಗ್ಗೆಯೇ ಮುಗಿಸಿ, ನೀರೂ ಹಾಕಿಯಾಗಿತ್ತು. ಫೋನ್ ಬಂದದ್ದು ತಾಯಿಗೆ ಗೊತ್ತೇ ಇರಲಿಲ್ಲ.

ಶೆಟ್ಟರ ಮುಖ ಬಿಳಿಚಿತು. "ಎಂತ ಮಾರಾಯ್ರೆ, ಪೋಲಿಯೋ ಹೌದಾ ಅಲ್ವಾ ಅಂತ ಇನ್ನು ಗೊತ್ತೇ ಆಗುದಿಲ್ವಾ?"

"ಗಾಬರಿ ಆಗಬ್ಯಾಡ್ರಿ. ಕಾಯೋಣ, ನಾ ಇಲ್ಲೇ ಕೂಡ್ತೀನಿ," ಎಂದರು ಡಾಕ್ಟರು. ಬೆಳಗಾವಿ ಕಡೆಯವರು.

ಬಾಳೆಹಣ್ಣು ಮೇಲೆ ಹೋಯಿತು. ಬಿಸಿ ಹಾಲು ಹೋಯಿತು. ಇಡೀ ಹೋಟೆಲೇ ಕಾಯತೊಡಗಿತು. ಇಡ್ಲಿ ತಿನ್ನಲು ಬಂದ ನಾನು ಸುಮ್ಮನೆ ಕೂರುವವನೇ? ಡಾಕ್ಟರನ್ನು ಕೆದಕಿದೆ.

"ಪೋಲಿಯೋ ಒಂದ ಅಲ್ರಿ, ಅದರ ಬಳಗ ಭಾಳ ದೊಡ್ಡದದ. ಎಂಟೆರೊವೈರಸ್ ಅಂತಾರ. ಹೊಟ್ಟ್ಯಾಗ ಇರ್ತಾವ. ಭಾಳ ಮಂದಿಗೆ ಬಂದದ್ದೂ ತಿಳಿಯಂಗಿಲ್ಲ, ಹೋದದ್ದೂ ತಿಳಿಯಂಗಿಲ್ಲ."

ಲ್ಯಾಬಿನವರು ಅದನ್ನು ಬೆಳೆಸಿ ಯಾವುದೆಂದು ಗುರುತಿಸುತ್ತಾರೆ. ಪೋಲಿಯೋ ಆದರೆ ಯಾವ ಸೀಮೆಯಿಂದ ಬಂತೆಂದೂ ಪತ್ತೆ ಹಚ್ಚುತ್ತಾರಂತೆ. ಇಲ್ಲಿ ಯಾರಾದರೂ ಕನ್ನಡ ಮಾತಾಡಿದರೆ "ನಿಮ್ಮದು ಯಾವ ಕಡೆ?" ಅಂತ ನಾವು ಕೇಳುವುದಿಲ್ಲವೇ? ಅದೇ ಪ್ರಶ್ನೆ, ವೈರಸ್ಸಿಗೆ!

"ಪೋಲಿಯೋ ಬಿಟ್ಟು ಬೇರೆ ಸಿಕ್ಕರೆ?"

"ಅದೂ ಚಲೋನ ಅದರಿ. ಸ್ಯಾಂಪಲ್ ಐಸಿನ್ಯಾಗ ಇಟ್ಟ ಕಳಸ್ತೀವಿ, ಬಿಸಿ ತಾಗಿದ್ರ ವೈರಸ್ ಸಾಯ್ತಾವ; ಯಾವುದರ ಸಿಕ್ತಂದ್ರ, ದಾರ್‍ಯಾಗ ಐಸ್ ಕರಗಿಲ್ಲ ಅಂತ ಆತಲ್ಲ."

ಅಷ್ಟರಲ್ಲಿ ಮೇಲಿನಿಂದ ತಾಯಿಯ ಕೂಗು: "ಆಯ್ತು, ಆಯ್ತು!" ಶೆಟ್ಟರು ಮೆಟ್ಟಿಲು ಹಾರಿಕೊಂಡು ಹೋದರು. ಇಂಥ ವಿಷಯಕ್ಕೆ ಇಷ್ಟೊಂದು ಸಂಭ್ರಮವನ್ನು ನಾನು ಕಂಡಿರಲಿಲ್ಲ.

ಕೆಲವು ವಾರಗಳಾದ ಮೇಲೆ ಫೋನ್ ಬಂತು. ಪೋಲಿಯೋ ಅಲ್ಲ, ಅದರ ಬಳಗದ ಇನ್ನೊಂದು ವೈರಸ್. ಹೆಸರಿಲ್ಲ, ಬರೀ ನಂಬರು. "ಇಷ್ಟು ಕಾಟ ಕೊಟ್ಟದ್ದಕ್ಕೆ ಒಂದು ಹೆಸರೂ ಇಲ್ವಾ?" ಅಂತ ಶೆಟ್ಟರು ಸಿಟ್ಟಾದರು. ಕಣ್ಣು ಮಾತ್ರ ತುಂಬಿತ್ತು. ನನ್ನ ಕಣ್ಣೂ ಅಷ್ಟೇ.

ಹೋದ ವಾರ ಡಾಕ್ಟರು ಮತ್ತೆ ಬಂದರು. ಲ್ಯಾಬ್ ಏನೇ ಹೇಳಲಿ, ಎರಡು ತಿಂಗಳಿಗೆ ಕಾಲನ್ನು ಕಣ್ಣಾರೆ ನೋಡಬೇಕಂತೆ. ಅವರನ್ನು ಕಂಡದ್ದೇ ತಡ, ಅಶ್ವಿನಿ ಟೇಬಲ್ಲುಗಳ ನಡುವೆ ನುಗ್ಗಿ ಅಡುಗೆಮನೆಗೆ ಪರಾರಿ. ಶೆಟ್ಟರು ಗದರಿದರು. "ಬೈಬ್ಯಾಡ್ರಿ, ಓಡ್ಲಿ," ಎಂದ ಡಾಕ್ಟರು ಆ ಎರಡು ಕಾಲುಗಳನ್ನೇ ನೋಡುತ್ತ ನಿಂತುಬಿಟ್ಟರು.

ತನ್ನನ್ನು ಕಂಡೊಡನೆ ಮಗು ಓಡಿಹೋಗಲಿ ಎಂದು ಆಸೆಪಟ್ಟು ಬರುವ ಡಾಕ್ಟರನ್ನು ನೀವು ಎಲ್ಲಾದರೂ ನೋಡಿದ್ದೀರಾ?