ದುಭಾಷಿ ಸ್ವಾಮಿರಾವ ಕಾಕಾನ ಒಂದು ಮಾತು

ಪೊದೆಮೀಸೆಯ ಸ್ವಾಮಿರಾವ ಕಾಕಾ ತುಂಬಿದ ಕೋರ್ಟಿನಲ್ಲಿ ಎದೆಯುಬ್ಬಿಸಿ ನಿಂತು, "ನಾನು ಏಳು ತಿಂಗಳ ಬಸುರಿ, ಸ್ವಾಮಿ" ಎಂದು ಹೇಳಿದವರು.

ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ. ಕಾಕಾ ಮುಂಬಯಿಯ ಕೋರ್ಟಿನಲ್ಲಿ ದುಭಾಷಿ. ಕಟಕಟೆಯಲ್ಲಿ ನಿಂತ ಕನ್ನಡದ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ. 'ಅವನು ಕದ್ದನಂತೆ' ಎನ್ನುವ ಹಾಗಿಲ್ಲ, 'ನಾನು ಕದ್ದೆ' ಎಂದೇ ಹೇಳಬೇಕು. ಹೀಗೆ ಕಾಕಾ ವಾದಿಯಾಗಿ ಗೋಳಾಡಿದರು, ಪ್ರತಿವಾದಿಯಾಗಿ ಗುಡುಗಿದರು. ಒಮ್ಮೆ "ಆ ಕೋಳಿ ಕದ್ದವ ನಾನೇ" ಎಂದಾಗ ಹೊಸ ನ್ಯಾಯಾಧೀಶರು ಗಾಬರಿಯಿಂದ ಪೊಲೀಸನತ್ತ ನೋಡಿದರಂತೆ.

"ನಮ್ಮದೊಂದು ಅಕ್ಷರ ಸೇರಿಸಬಾರದು ನೋಡವಾ. ಸೇರಿಸಿದ್ರ ಪ್ರಮಾಣ ಮುರದ್ಹಂಗ," ಎಂದು ನನಗೆ ಹೇಳುತ್ತಿದ್ದರು.

ನಮ್ಮ ಮನೆಯೂ ಕಾಕಾನ ಖೋಲಿಯೂ ಇದ್ದ ಅಂಧೇರಿಯ ಚಾಳಿನಲ್ಲೂ ಅವರದು ಅದೇ ಕಸುಬು. ನಳದ ಹತ್ತಿರ ನಮ್ಮ ಅಜ್ಜಿಗೂ ಪಕ್ಕದ ಮರಾಠಿ ಮಾವಶಿಗೂ ಜಗಳವಾದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಕಾಕಾ ನಡುವೆ ನಿಂತು ಎರಡೂ ಕಡೆಯ ಶಾಪಗಳನ್ನು ಒಂದಿಷ್ಟೂ ತಗ್ಗಿಸದೆ ದಾಟಿಸುತ್ತಿದ್ದರು. "ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಎಂದು ಅವರು ಅಜ್ಜಿಗೆ ಮುಖದ ಮೇಲೇ ಅಂದಾಗ, ಶಾಪ ಹಾಕಿದ ಮಾವಶಿಯೇ ನಕ್ಕು ಕೊಡ ಕೆಳಗಿಟ್ಟಳು.

ಮೆಟ್ರಿಕ್ ಮುಗಿದಾಗ ನಾನು ಕಾಲೇಜು ಎಂದೆ, ಅಪ್ಪ ಮದುವೆ ಎಂದರು. ಎಂಟು ದಿನ ನಮ್ಮಿಬ್ಬರಿಗೆ ಮಾತಿಲ್ಲ. ಹುಬ್ಬಳ್ಳಿಯ ವರನ ಕಡೆಯವರು ಬರುವ ದಿನ ಹತ್ತಿರವಾಗಿತ್ತು. ಅಜ್ಜಿ ತಾನೇ ಹೋಗಿ ಕಾಕಾನನ್ನು ಕರೆತಂದಳು. ಅವರು ಬಾಗಿಲ ಚೌಕಟ್ಟನ್ನೇ ಕಟಕಟೆ ಮಾಡಿ ನನ್ನನ್ನು ನಿಲ್ಲಿಸಿ, ದೇವರ ಮೇಲೆ ಪ್ರಮಾಣ ಮಾಡಿಸಿದರು.

"ನಾ ಈ ಮದುವಿ ಒಲ್ಲೆ. ಕಾಲೇಜಿಗೆ ಹೋಗಾಕಿ," ಎಂದೆ. ಇಷ್ಟೇ.

ಕಾಕಾ ಅಪ್ಪನತ್ತ ತಿರುಗಿದರು. "ಅಪ್ಪಾ, ನಾ ಈ ಮದುವಿ ಒಲ್ಲೆ. ಕಾಲೇಜಿಗೆ ಹೋಗಾಕಿ. ಆಮ್ಯಾಲೆ ಲಾ ಓದಿ ವಕೀಲಕಿ ಆಗಾಕಿ!"

ನಾನು ಹೌಹಾರಿದೆ. ಲಾ ಯಾರಿಗೆ ಬೇಕಿತ್ತು? ಆದರೆ ಆ ಮೀಸೆಯ ಕೆಳಗಿನಿಂದ ಮಗಳ ಹಟ ಹೊರಬಿದ್ದದ್ದು ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಸಿಟ್ಟು ಎಲ್ಲಿ ನಿಲ್ಲಬೇಕು?

"ವಕೀಲಕಿ ಅಂತ! ಮೊದಲ ಬಿ.ಎ. ಮುಗಸು ಅನ್ರಿ ಆಕಿಗೆ."

ಕಾಕಾ ನಗದೆ ನನ್ನತ್ತ ತಿರುಗಿ, "ಮೊದಲ ಬಿ.ಎ. ಮುಗಸು, ಮಗಳ," ಎಂದರು. ಮರುದಿನವೇ ಹುಬ್ಬಳ್ಳಿಗೆ, ಬರುವುದು ಬೇಡವೆಂದು ತಂತಿ ಹೋಯಿತು.

ಬಿ.ಎ. ಮುಗಿದಾಗ ಅಪ್ಪನೇ "ಎಲ್ಲಿ ನಿನ್ನ ಲಾ?" ಎಂದು ಬೆನ್ನುಹತ್ತಿ ಅದನ್ನೂ ಓದಿಸಿದರು. ಕರಿ ಕೋಟು ತೊಟ್ಟ ಮೊದಲ ದಿನ ಕಾಕಾನ ಖೋಲಿಗೆ ಓಡಿದೆ. ಅವರು ನಿವೃತ್ತರಾಗಿ ಧಾರವಾಡಕ್ಕೆ ಹೊರಟಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

"ಕಾಕಾ, ಅವತ್ತು ಲಾ ಅಂತ ನಾ ಅಂದೇ ಇರಲಿಲ್ಲ."

"ಗೊತ್ತದ." ಅವರು ನನ್ನ ಕೋಟಿನ ಕಾಲರು ಸರಿಮಾಡಿದರು. "ಮೂವತ್ತು ವರ್ಷ ಮಂದೀ ಮಾತೇ ಆಡೀನವಾ. ಅದೊಂದೇ ನಂದು."